ಸೊನ್ನೆ ಹಾಕಿದ ಬೀದಿ

ಪರಿಸರ ನಿರ್ವಹಣೆಯ ಸ್ನಾತಕೋತ್ತರ ವಿಭಾಗದಲ್ಲಿ ಅವರನ್ನು ಎದುರಿಗೆ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ಮೂಗಿನ ಮೇಡಂ ಅನ್ನುತ್ತಾರೆ. ಈ ಅಡ್ಡಹೆಸರು ತಮ್ಮ ಕಿವಿಗೆ ಬಿದ್ದೇ ಇಲ್ಲವೆಂಬಂತೆ ಅವರು ಇಷ್ಟು ವರ್ಷ ನಟಿಸಿಕೊಂಡು ಬಂದಿದ್ದಾರೆ. ವಿದ್ಯಾರ್ಥಿಗಳೂ ಅದನ್ನು ನಂಬಿದಂತೆ ನಟಿಸುತ್ತಾರೆ. ಹೀಗಾಗಿ ಎರಡೂ ಕಡೆಯ ಮರ್ಯಾದೆ ಉಳಿದಿದೆ. ನೀರು, ಗಾಳಿ, ಕಸ, ಕಾನೂನು ಎಂದು ಉಳಿದ ಮೇಷ್ಟ್ರುಗಳು ಪಾಠಗಳನ್ನು ಹಂಚಿಕೊಂಡಾಗ ಇವರ ಪಾಲಿಗೆ ಬಂದದ್ದು ದುರ್ವಾಸನೆ. ಬಂದದ್ದೇನು, ಬಾಯಿಬಿಟ್ಟು ಕೇಳಿ ತೆಗೆದುಕೊಂಡದ್ದು.

ವರ್ಷಕ್ಕೊಮ್ಮೆ ಎರಡನೇ ವರ್ಷದವರನ್ನೆಲ್ಲ ಬಸ್ಸಿಗೆ ತುಂಬಿಕೊಂಡು ಯಾವುದಾದರೂ ಕಾರ್ಖಾನೆ ತೋರಿಸಲು ಹೋಗುತ್ತಾರೆ. ಕೊಳಚೆ ನೀರಿನ ಘಟಕವಾದರೆ ಕೆಲಸ ಮುಗಿದ ತಕ್ಷಣ ಹೊರಡುತ್ತಾರೆ. ಗೊಬ್ಬರದ ಕಾರ್ಖಾನೆಯಾದರೆ ಕೆಲಸ ಮುಗಿಯುವ ಮೊದಲೇ ಹೊರಡುತ್ತಾರೆ. ಕಾಗದದ ಕಾರ್ಖಾನೆಯಾದರೆ ಮಾತ್ರ ಅವರನ್ನು ಅಲ್ಲಿಂದ ಹೊರಡಿಸುವಷ್ಟರಲ್ಲಿ ಡ್ರೈವರನಿಗೆ ಸಾಕುಸಾಕಾಗಿಹೋಗುತ್ತದೆ. ಹುಡುಗ ಹುಡುಗಿಯರು ಕರ್ಚೀಫು, ದುಪಟ್ಟಾ, ಸಿಕ್ಕಿದ್ದರಲ್ಲಿ ಮೂಗು ಮುಚ್ಚಿಕೊಂಡು ಒದ್ದಾಡುತ್ತಿದ್ದರೆ ಇವರು ಗೇಟಿನ ಬಳಿ ಮುಖವೆತ್ತಿ ನಿಂತಿರುತ್ತಾರೆ. ಅದು ವೃತ್ತಿಯ ಶಿಸ್ತು ಎಂದು ವಿದ್ಯಾರ್ಥಿಗಳು ಮಾತಾಡಿಕೊಳ್ಳುತ್ತಾರೆ. ತವರಿನ ವಾಸನೆ ಎಂದು ಅವರಿಗೆ ಬಿಡಿಸಿ ಹೇಳುವುದು ಹೇಗೆ? ಆ ತವರಿನ ಕಾರ್ಖಾನೆ ಬಾಗಿಲು ಹಾಕಿ ಯಾವುದೋ ಕಾಲವಾಯಿತು, ಚಿಮಣಿಯನ್ನೂ ಕೆಡವಿದರು, ಈಗ ಅಲ್ಲಿ ಕಾರು ತೊಳೆಯುವ ಜಾಗವೂ ಹಾಸಿಗೆ ಮಾರುವ ದೊಡ್ಡ ಅಂಗಡಿಯೂ ಇವೆ. ಅಲ್ಲಿ ಹೋಗಿ ಎಷ್ಟು ಉಸಿರೆಳೆದುಕೊಂಡರೂ ಸಿಗುವುದು ಶಾಂಪೂ ವಾಸನೆಯೇ.

ಆಗ ಅವರಿನ್ನೂ ಯಾರಿಗೂ ಮೇಡಂ ಆಗಿರಲಿಲ್ಲ. ಕಾರ್ಖಾನೆಯ ಗೋಡೆಗೆ ಆತುಕೊಂಡಿದ್ದ ಕೆಲಸಗಾರರ ಸಾಲುಮನೆಗಳಲ್ಲಿ ಒಂದು ಮನೆಯ ಒಬ್ಬಳೇ ಮಗಳು, ಅಷ್ಟೇ. ಆದ್ದರಿಂದ ಇಲ್ಲಿಂದ ಮುಂದೆ ಅವಳು ಎಂದೇ ಹೇಳೋಣ.

ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಅದರಾಚೆ ತಗಡಿನ ಬಾಗಿಲಿನ ಬಚ್ಚಲು. ಸೈರನ್ ಕೂಗಿದರೆ ಶೆಲ್ಫಿನ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅಪ್ಪನ ಕೆಲಸ ಮರದ ಚಕ್ಕೆಗಳನ್ನು ಮನೆಯೆತ್ತರದ ಕೊಪ್ಪರಿಗೆಯಲ್ಲಿ ರಾಸಾಯನಿಕ ಹಾಕಿ ಬೇಯಿಸಿ ತಿರುಳು ಮಾಡುವ ವಿಭಾಗದಲ್ಲಿ. ಕಾರ್ಖಾನೆಯವರು ಆ ವಿಭಾಗವನ್ನು ಅಡುಗೆಮನೆ ಎಂದೇ ಕರೆಯುತ್ತಿದ್ದರು. "ಅಲ್ಲಿ ಕಾಡನ್ನೇ ಬೇಯಿಸಿ ಹಾಕ್ತಾರೆ, ಇಲ್ಲಿ ಒಂದು ಲೋಟ ಹಾಲು ಕಾಯಿಸು ಅಂದ್ರೆ ಉಕ್ಕಿಸಿ ಇಡ್ತಾರೆ," ಎಂದು ಅಮ್ಮ ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಅಪ್ಪ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡು ಮೀಸೆಯಡಿ ನಗುತ್ತಿದ್ದ.

ತಿರುಳು ಬೇಯುವಾಗ ಏಳುವ ಹಬೆಗೆ ಕೊಳೆತ ಕೋಸಿನ, ಕೆಟ್ಟ ಮೊಟ್ಟೆಯ ವಾಸನೆ. ಇದು ಹೊರಗಿನವರ ಮಾತು. ಬಸ್ಸು ಸೇತುವೆ ದಾಟುವಾಗ ಜನ ಪಟಪಟನೆ ಕಿಟಕಿ ಮುಚ್ಚುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ನದಿಯ ಗಾಳಿಗೆ ಶೀತವಾದೀತೆಂದು ಮುಚ್ಚುತ್ತಾರೆ ಅಂದುಕೊಂಡಿದ್ದಳು. ನೆಂಟರು ಬಂದರೆ ಊಟ ಮುಗಿಸಿದ ಕೈ ಒಣಗುವ ಮೊದಲೇ ಎದ್ದು ಹೊರಡುತ್ತಿದ್ದರು. ಅವರಿಗೆ ಜಂಬವೆಂದು ಅಮ್ಮ ತೀರ್ಮಾನಿಸಿದ್ದಳು. ಸಾಲುಮನೆಗಳಲ್ಲಿ ಹುಟ್ಟಿ ಬೆಳೆದ ಯಾರಿಗೂ ಅಲ್ಲೊಂದು ವಾಸನೆಯಿದೆ ಎಂಬುದೇ ತಿಳಿದಿರಲಿಲ್ಲ.

ಅವಳು ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ಒಂದು ಗಂಟೆ ಬಸ್ಸಿನ ದಾರಿಯಲ್ಲಿದ್ದ ಪಟ್ಟಣದಲ್ಲಿ ಪರಿಸರ ನಿರ್ವಹಣೆಯೆಂಬ ಹೊಸ ಎಂ.ಎಸ್ಸಿ. ಶುರುವಾಯಿತು. ಅದೇನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಚಿಕ್ಕಮ್ಮ ಬಂದವಳು, "ಗಿಡ ನೆಡೋಕೆ ಎರಡು ವರ್ಷ ಓದ್ಬೇಕೇನೇ? ನಿಮ್ಮಜ್ಜಿ ಓದ್ದೇನೇ ನೆಟ್ಟಿದ್ಲಲ್ಲ," ಅಂದಳು. ಅಪ್ಪ ಮಾತ್ರ ಆ ಉದ್ದನೆಯ ಹೆಸರಿನಲ್ಲಿ ತನಗೆ ಬೇಕಾದ ತುಂಡನ್ನು ಗಟ್ಟಿಯಾಗಿ ಹಿಡಿದುಕೊಂಡ. ನಿರ್ವಹಣೆಯೆಂದರೆ ಮ್ಯಾನೇಜ್‌ಮೆಂಟು. ಮ್ಯಾನೇಜ್‌ಮೆಂಟು ಓದಿದವರು ಮ್ಯಾನೇಜರು. ಕ್ಯಾಂಟೀನಿನಲ್ಲಿ ಎದುರಿಗೆ ಕೂತವರಿಗೆಲ್ಲ ಹೇಳಿದ: "ನಮ್ಮ ಸಾಹೇಬ್ರು ಕಾಂಪೌಂಡ್ ಒಳಗಡೆಗೆ ಮಾತ್ರ ಮ್ಯಾನೇಜರು ಕಣಯ್ಯಾ. ನನ್ನ ಮಗಳು ಕಾಂಪೌಂಡ್ ಹೊರಗಡೆ ಇರೋದಕ್ಕೆಲ್ಲ ಮ್ಯಾನೇಜರು ಆಗ್ತಾಳೆ." ಈ ಮಾತು ಸಾಹೇಬರವರೆಗೂ ಹೋಗಿ ಅವರೂ ನಕ್ಕರಂತೆ.

ಆ ಮೊದಲ ವರ್ಷವನ್ನು ನೆನೆದರೆ ಮೂಗಿನ ಮೇಡಂಗೆ ಈಗಲೂ ಎದೆ ಹಗುರವಾಗುತ್ತದೆ. ಗಣಿತದವರು ಬೇಡವೆಂದು ಬಿಟ್ಟುಕೊಟ್ಟ ಎರಡು ಕೋಣೆಗಳೇ ಇಡೀ ವಿಭಾಗ. ಜಲಸಂರಕ್ಷಣೆಯ ಪಾಠ ನಡೆಯುವಾಗ ಮೂಲೆಯ ನಲ್ಲಿ ಸೋರುತ್ತಿತ್ತು, ಅದನ್ನು ರಿಪೇರಿ ಮಾಡಿಸುವುದು ಯಾರ ಕೆಲಸವೆಂದು ಯಾರಿಗೂ ತಿಳಿಯಲಿಲ್ಲ. ಕಸದ ಗುಡ್ಡ ಹತ್ತಿ ಇಳಿದು ಬಂದು ಅದೇ ನಲ್ಲಿಯಲ್ಲಿ ಕೈತೊಳೆದು ಒಂದೇ ಡಬ್ಬಿಯಿಂದ ನಾಲ್ಕು ಜನ ಊಟ ಮಾಡುತ್ತಿದ್ದರು. ಮುಂದೆ ಯಾರಿಗೆ ಎಲ್ಲಿ ಕೆಲಸ ಸಿಗುತ್ತದೆ, ಸಿಗುತ್ತದೋ ಇಲ್ಲವೋ, ಒಬ್ಬರಿಗೂ ಗೊತ್ತಿರಲಿಲ್ಲ. ಆದರೂ ಜಗತ್ತನ್ನು ತಾವೇ ಗುಡಿಸಿ ಒರೆಸಿ ಇಡುತ್ತೇವೆಂಬ ಹುಮ್ಮಸ್ಸು ಅವರಿಗಿತ್ತು. ಅಂಥ ಹುಮ್ಮಸ್ಸು ಅವರ ಜೀವನದಲ್ಲಿ ಆಮೇಲೆ ಎಂದೂ ಬರಲಿಲ್ಲ.

ಎರಡನೇ ವರ್ಷ ಪ್ರಬಂಧ ಬರೆಯಬೇಕು. ಅದು ಒಪ್ಪಿಗೆಯಾದರೆ ಡಿಗ್ರಿ, ಇಲ್ಲದಿದ್ದರೆ ಎರಡು ವರ್ಷ ನೀರಲ್ಲಿ ಹೋಮ. ಅವಳ ಗೈಡ್ ತೆಳ್ಳಗಿನ, ನಿಧಾನ ಮಾತಿನ ಒಬ್ಬ ಮೇಡಂ. ವಾಸನೆಯನ್ನು ಅಳೆಯಲು ಮನುಷ್ಯನ ಮೂಗಿಗಿಂತ ಒಳ್ಳೆಯ ಯಂತ್ರ ಇನ್ನೂ ಬಂದಿಲ್ಲ ಎನ್ನುವುದು ಅವರ ಮಾತು. ಅದಕ್ಕೊಂದು ಪದ್ಧತಿಯನ್ನೂ ಕಲಿಸಿಕೊಟ್ಟರು. ಅಳೆಯುವ ದಿನ ಪರಿಮಳದ ಸೋಪು, ಪೌಡರು, ತಲೆಗೆ ಎಣ್ಣೆ ಯಾವುದೂ ಕೂಡದು. ಕಾಫಿ ಕುಡಿದು ತಕ್ಷಣ ಹೊರಡಕೂಡದು. ನಕ್ಷೆಯಲ್ಲಿ ಗುರುತು ಹಾಕಿದ ಜಾಗಕ್ಕೆ ಹೋಗಿ ಗಾಳಿಗೆ ಮುಖ ಮಾಡಿ ನಿಲ್ಲಬೇಕು, ಕಣ್ಣು ಮುಚ್ಚಿ ಉಸಿರೆಳೆಯಬೇಕು, ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಐದು, ನಡುವೆ ಇದ್ದರೆ ನಡುವಿನ ಅಂಕೆ ಬರೆಯಬೇಕು. ಕಾರ್ಖಾನೆಯ ಸುತ್ತ ವಾಸನೆ ಎಷ್ಟು ದೂರ ಹರಡುತ್ತದೆ ಎಂದು ತಿಳಿಯುವುದೇ ಅವಳ ಪ್ರಬಂಧ.

ಅವಳು ಶ್ರದ್ಧೆಯಿಂದ ಅಲೆದಳು. ಪಕ್ಕದೂರಿನ ಶಾಲೆಯ ಬಳಿ, ನದಿಯಾಚೆಯ ಗದ್ದೆಯಂಚಿನಲ್ಲಿ, ಗಾಳಿ ಜೋರಾಗಿ ಬೀಸಿದ ದಿನ ದೂರದಿಂದ ಏನೋ ಒಂದು ತೆಳುವಾಗಿ ತೇಲಿ ಬಂದಂತಾಗುತ್ತಿತ್ತು. ಒಂದು, ಎರಡು ಎಂದು ಬರೆಯುತ್ತಿದ್ದಳು. ಸೇತುವೆಯಿಂದ ಈಚೆಗೆ ಬಂದರೆ ಏನೂ ಇಲ್ಲ. ಸಾಲುಮನೆಗಳ ಬೀದಿಯಲ್ಲಂತೂ ಎಷ್ಟು ಸಲ ನಿಂತರೂ ಸೊನ್ನೆಯ ಮೇಲೆ ಸೊನ್ನೆ. ಕೊನೆಗೆ ನಕ್ಷೆಯ ಮೇಲೆ ಬಣ್ಣ ತುಂಬಿದಾಗ ಬಳೆಯ ಹಾಗೆ ಕಂಡಿತು. ಸುತ್ತ ಬಣ್ಣ, ನಡುವೆ ಖಾಲಿ. ಇದಕ್ಕೆ ಕಾರಣ ಬೇಕಲ್ಲ? ಬುದ್ಧಿವಂತೆ, ಹುಡುಕಿಯೇಬಿಟ್ಟಳು. ಚಿಮಣಿ ಎತ್ತರವಾದ್ದರಿಂದ ಹಬೆ ಹತ್ತಿರದ ಮನೆಗಳ ತಲೆಯ ಮೇಲೆ ಹಾದುಹೋಗಿ ದೂರದಲ್ಲಿ ಇಳಿಯುತ್ತದೆ ಎಂದು ಒಂದು ಇಡೀ ಅಧ್ಯಾಯ ಬರೆದಳು. ಗಾಳಿಯ ವೇಗ, ಹಬೆಯ ಬಿಸಿ, ಚಿಮಣಿಯ ಎತ್ತರ, ಯಾವುದನ್ನೂ ಬಿಡಲಿಲ್ಲ. ಪುಸ್ತಕಗಳೂ ಅವಳ ಪಕ್ಷವನ್ನೇ ವಹಿಸಿದವು. ಇಷ್ಟು ಚೆನ್ನಾಗಿ ಬರೆದ ತಪ್ಪನ್ನು ತಾನು ಮತ್ತೆ ನೋಡಿಲ್ಲವೆಂದು ಮೂಗಿನ ಮೇಡಂ ಈಗ ನಗುತ್ತಾರೆ.

ಗೈಡ್ ಮೇಡಂ ಓದಿ ತಲೆದೂಗಿದರು. "ಚೆನ್ನಾಗಿದೆ. ಒಂದ್ಸಲ ನಾನೂ ಬಂದು ನಿಂತು ನೋಡ್ತೀನಿ," ಅಂದರು.

ಬಂದರು. ಬಸ್ಸಿಳಿದವರು ಸೆರಗನ್ನು ಮೂಗಿಗೆ ಒತ್ತಿಕೊಂಡು ಇಳಿದಲ್ಲೇ ನಿಂತುಬಿಟ್ಟರು. ಪಾಪ, ಬಸ್ಸಿನಲ್ಲಿ ತಲೆ ಸುತ್ತಿರಬೇಕು ಎಂದುಕೊಂಡ ಇವಳು, "ಮನೆಗೆ ಬನ್ನಿ ಮೇಡಂ, ಸ್ವಲ್ಪ ನೀರು ಕುಡಿದ್ರೆ ಸರಿಹೋಗತ್ತೆ," ಅಂದಳು. ಸಾಲುಮನೆಗಳ ಬೀದಿಯ ಮೂಲೆಗೆ ಬರುವ ಹೊತ್ತಿಗೆ ಅವರ ಕಣ್ಣಲ್ಲಿ ನೀರಾಡುತ್ತಿತ್ತು.

"ಈ ಜಾಗಕ್ಕೆ ಎಷ್ಟು ಹಾಕಿದೀಯ?"

"ಸೊನ್ನೆ, ಮೇಡಂ."

"ಈಗ ನಿಂತ್ಕೊಂಡು ನೋಡು. ಈಗೆಷ್ಟು?"

ಅವಳು ಗಾಳಿಗೆ ಮುಖ ಮಾಡಿದಳು, ಕಣ್ಣು ಮುಚ್ಚಿದಳು, ಮನಸ್ಸಿಟ್ಟು ಉಸಿರೆಳೆದಳು. ಯಾರದೋ ಮನೆಯ ಒಗ್ಗರಣೆ, ಒದ್ದೆ ಬಟ್ಟೆ, ಅಷ್ಟೇ. "ಸೊನ್ನೆನೇ," ಅಂದಳು.

ಗೈಡ್ ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವಳ ಭುಜದ ಮೇಲೆ ಕೈಯಿಟ್ಟು ಹೇಳಿದರು: "ನಿನ್ನ ಮೂಗು ಕೆಟ್ಟಿಲ್ಲಮ್ಮ. ಅದಕ್ಕೆ ಇದು ಮನೆ ಆಗಿಬಿಟ್ಟಿದೆ. ಯಾರ ಮೂಗಿಗೂ ತನ್ನ ಮನೆ ವಾಸನೆ ಬರಲ್ಲ."

ಅಂಥ ಅಧ್ಯಾಯ, ಅಂಥ ನಕ್ಷೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಆದರೆ ಅದಕ್ಕಿಂತ ಬೇರೆ ಒಂದು ಸಂಗತಿ ಅವಳನ್ನು ಚುಚ್ಚಿತು. ಕಿಟಕಿ ಮುಚ್ಚಿದ ಬಸ್ಸಿನವರು, ಬೇಗ ಎದ್ದುಹೋದ ನೆಂಟರು, ಕಾಲೇಜಿನಲ್ಲಿ ತನ್ನ ಪಕ್ಕದ ಜಾಗ ಯಾವಾಗಲೂ ಕೊನೆಗೆ ತುಂಬುತ್ತಿದ್ದದ್ದು, ಎಲ್ಲ ಒಂದರ ಹಿಂದೊಂದು ನೆನಪಾಗಿ ಕಿವಿ ಬಿಸಿಯಾಯಿತು.

ಮೇಡಂ ಹೇಳಿದ ದಾರಿ ಒಂದೇ. ಸಮೀಕ್ಷೆಯನ್ನು ವಿದ್ಯಾರ್ಥಿಯೇ ಮಾಡಬೇಕು. ಮಾಡಬೇಕಾದರೆ ಮೂಗು ಹೊಸದಾಗಬೇಕು. ಹೊಸದಾಗಬೇಕಾದರೆ ಕೆಲವು ವಾರ ಊರಿನ ಸುಳಿವೇ ಇರಬಾರದು. ದಿನಾ ಬಸ್ಸಿನಲ್ಲಿ ಹೋಗಿಬರುವುದನ್ನು ಬಿಟ್ಟು ಹಾಸ್ಟೆಲಿನಲ್ಲಿ ಇರಬೇಕು, ಮನೆಗೆ ಹೋಗಬಾರದು, ಮನೆಯಿಂದ ಯಾರೂ ಬರಬಾರದು, ಮನೆಯ ಬಟ್ಟೆಯೂ ಬೇಡ.

ಸಾಲುಮನೆಗಳಿಗೆಲ್ಲ ಸೇರಿ ಇದ್ದದ್ದು ಮೂಲೆಯಂಗಡಿಯ ಒಂದು ಫೋನು. ಹಾಸ್ಟೆಲಿನಿಂದ ಅವಳು ಅದಕ್ಕೇ ಫೋನು ಮಾಡಿದಳು. ಅಂಗಡಿಯವನು ಕೂಗಿ ಕರೆದ ಮೇಲೆ ಅಪ್ಪ ಏದುಸಿರು ಬಿಡುತ್ತ ಬಂದು ಎತ್ತಿಕೊಂಡ.

"ಭಾನುವಾರ ಬರ್ತೀನಿ ಮರಿ. ನಿಮ್ಮಮ್ಮ ಏನೇನೋ ಕಟ್ಟಿಡ್ತಿದಾಳೆ."

"ಬರ್ಬೇಡ ಅಪ್ಪಾ."

"ಯಾಕೆ?"

ನೀನು ಬಂದರೆ ನಿನ್ನ ಜೊತೆ ಅದೂ ಬರುತ್ತದೆ ಎಂದು ಅಪ್ಪನಿಗೆ ಯಾವ ಬಾಯಲ್ಲಿ ಹೇಳುವುದು? "ತುಂಬಾ ಓದೋದಿದೆ. ಏನೂ ಕಳಿಸ್ಲೂಬೇಡಿ," ಅಂದಳು. ಅಪ್ಪ, "ಆಯ್ತು ಆಯ್ತು, ನೀನು ಓದ್ಕೋ," ಅಂದ. ಮರುದಿನ ಕ್ಯಾಂಟೀನಿನಲ್ಲಿ, ಮಗಳು ಅಪ್ಪನನ್ನು ನೋಡಲೂ ಪುರುಸೊತ್ತಿಲ್ಲದಷ್ಟು ಓದುತ್ತಿದ್ದಾಳೆ ಎಂದು ಹೇಳಿಕೊಂಡು ತಿರುಗಿದನಂತೆ.

ಹಾಸ್ಟೆಲಿನ ಕೋಣೆಯಲ್ಲಿ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಏನೋ ಒಂದು ಕಡಿಮೆಯಾಗಿದೆ ಅನ್ನಿಸುತ್ತಿತ್ತು. ಸೈರನ್ ಇಲ್ಲದ್ದಕ್ಕೆ ಇರಬೇಕೆಂದುಕೊಂಡಳು. ಸೋಪಿನ ವಾಸನೆ, ಒದ್ದೆ ಗೋಡೆಯ ವಾಸನೆ, ಪಕ್ಕದ ಹಾಸಿಗೆಯವಳ ತಲೆಗೂದಲಿನ ವಾಸನೆ ಎಲ್ಲ ಬಿಡಿಬಿಡಿಯಾಗಿ ತಿಳಿಯತೊಡಗಿದವು.

ಹೇಳಿದಷ್ಟು ವಾರ ಕಳೆದು ಹಿಂತಿರುಗಿದ ದಿನ ಬಸ್ಸು ಇನ್ನೂ ಸೇತುವೆ ಮುಟ್ಟಿರಲಿಲ್ಲ, ಅದು ಬಂತು. ಪಕ್ಕದವರು ಕಿಟಕಿ ಮುಚ್ಚಿದರು, ಈ ಸಲ ಅವಳೂ ಮುಚ್ಚಿದಳು. ಇಳಿದು ಗುರುತು ಹಾಕಿದ ಜಾಗಗಳಲ್ಲಿ ಒಂದೊಂದಾಗಿ ನಿಂತಳು. ಬಸ್ ನಿಲ್ದಾಣ ಮೂರು. ಅಂಗಡಿಯ ಮೂಲೆ ನಾಲ್ಕು. ಬೀದಿಯ ನಲ್ಲಿಯ ಹತ್ತಿರ ತಡೆಯಲಾರದೆ ಚರಂಡಿಗೆ ಬಗ್ಗಿ ವಾಂತಿ ಮಾಡಿಕೊಂಡು ಬಾಯಿ ತೊಳೆದು ಐದು ಎಂದು ಬರೆದಳು. ಚಿಕ್ಕಂದಿನಲ್ಲಿ ಅದೇ ನಲ್ಲಿಯ ಕೆಳಗೆ ಕೂತು ಆಡಿದ್ದಳು. ಅಲ್ಲಿ ನೀರು ಹಿಡಿಯುತ್ತಿದ್ದ ಪಕ್ಕದ ಮನೆಯಾಕೆ, "ಹಾಸ್ಟೆಲ್ ಊಟ ಹಿಡಿಸ್ಲಿಲ್ವೇನಮ್ಮಾ?" ಎಂದು ಬೆನ್ನು ಸವರಿದಳು. ಉಳಿದದ್ದು ಒಂದೇ ಜಾಗ. ನಕ್ಷೆಯಲ್ಲಿ ಆ ಕೊನೆಯ ಗುರುತು ಬಿದ್ದದ್ದು ಅವಳ ಮನೆಯ ಹೊಸ್ತಿಲ ಮೇಲೇ.

ಅಪ್ಪ ಆಗ ತಾನೇ ಶಿಫ್ಟ್ ಮುಗಿಸಿ ಬಂದಿದ್ದ. ಅವಳನ್ನು ಕಂಡವನೇ, "ಬಂದ್ಲಪ್ಪಾ ನಮ್ಮ ಮ್ಯಾನೇಜರು," ಎನ್ನುತ್ತ ತಲೆ ಸವರಲು ಕೈಚಾಚಿ ಮುಂದೆ ಬಂದ. ಅವಳಿಗೆ ತಡೆಯಬೇಕೆಂದರೂ ಆಗಲಿಲ್ಲ. ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಹೋಯಿತು, ಕೈ ತಾನಾಗಿ ಮೂಗಿಗೆ ಬಂತು. ತಕ್ಷಣ ಇಳಿಸಿದಳು. ಆದರೆ ಅಪ್ಪ ನೋಡಿಬಿಟ್ಟಿದ್ದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅದನ್ನೊಮ್ಮೆ ನೋಡಿಕೊಂಡು ಬಚ್ಚಲಿಗೆ ಹೋದ.

"ಕಾರ್ಖಾನೇಲೇ ಸ್ನಾನ ಮಾಡ್ಕೊಂಡ್ ಬಂದ್ರಲ್ಲ, ಮತ್ತೆ ಯಾಕ್ರೀ?" ಎಂದು ಅಮ್ಮ ಒಳಗಿನಿಂದ ಕೂಗಿದಳು. ಉತ್ತರವಾಗಿ ಬರೀ ನೀರು ಸುರಿದುಕೊಳ್ಳುವ ಸದ್ದು ಬಂತು.

ಅವಳು ಹೊಸ್ತಿಲ ಮೇಲೆ ಕೂತು ಹಾಳೆಯ ಕೊನೆಯ ಚೌಕವನ್ನು ನೋಡುತ್ತಿದ್ದಳು. ನಾಚಿಕೆಯಿಂದ ಕಣ್ಣು ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷ ಆ ಕೈ ಹಿಡಿದು ಬೆಳೆದವಳು, ಒಂದು ಡಿಗ್ರಿಗಾಗಿ ಆ ಕೈ ಕಂಡರೆ ಹಿಂದೆ ಸರಿಯುವ ಮೂಗನ್ನು ಸಂಪಾದಿಸಿಕೊಂಡು ಬಂದಿದ್ದಳು. ಐದು ಎಂದು ಬರೆದರೆ ಅದು ಅಪ್ಪನ ಮೈಮೇಲೇ ಬರೆದಂತೆ. ಬರೆಯದಿದ್ದರೆ ಮತ್ತೆ ಸುಳ್ಳು ನಕ್ಷೆ. ಪೆನ್ನು ಸ್ವಲ್ಪ ಹೊತ್ತು ತೂಗಾಡಿ ಮೂರು ಎಂದು ಬರೆಯಿತು.

ಅಪ್ಪ ತಲೆ ಒರೆಸಿಕೊಳ್ಳುತ್ತ ಬಂದು ಒಂದಿಷ್ಟು ದೂರದಲ್ಲೇ ನಿಂತು ಹಾಳೆಯ ಕಡೆ ಬಗ್ಗಿ ನೋಡಿದ. ಅಂಕೆಗಳ ಅರ್ಥ ಅವನಿಗೆ ಅವಳೇ ಹಿಂದೊಮ್ಮೆ ಹೇಳಿಕೊಟ್ಟಿದ್ದಳು.

"ನಮ್ಮನೆಗೆ ಮೂರಾ?"

"ಹ್ಞೂ."

"ಬಾಗಿಲಲ್ಲಿ ನಿನ್ನ ಮುಖ ನೋಡ್ದೆ ಮರಿ. ಮುಖ ಐದು ಅಂತು. ಕೈ ಯಾಕೆ ಮೂರು ಅನ್ನತ್ತೆ?"

ಅವಳು ತಲೆಯೆತ್ತಲಿಲ್ಲ. "ಅಪ್ಪಾ, ನಾನು ಬೇಕು ಅಂತ..."

"ಗೊತ್ತು ಬಿಡು. ಅಷ್ಟು ದಿನ ಬರ್ಬೇಡ ಅಂದಿದ್ದು ಯಾಕೆ ಅಂತಾನೂ ಈಗ ಗೊತ್ತಾಯ್ತು. ಇರೋದನ್ನ ಬರಿ. ಬೇಯಿಸೋನು ನಾನು, ಅದರ ನಾತ ನನ್ನ ಮೇಲಿರ್ದೆ ಸಾಹೇಬ್ರ ಮೇಲಿರತ್ತಾ?"

ಮೂರನ್ನು ಹೊಡೆದು ಐದು ಎಂದು ಬರೆದಳು. ಅಷ್ಟರಲ್ಲಿ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು, "ಏನದು, ನಮ್ಮನೆಗೂ ಮಾರ್ಕ್ಸ್ ಕೊಡ್ತಿದೀಯಾ? ಎಷ್ಟಕ್ಕೆ ಎಷ್ಟು?" ಅಂದಳು.

"ಐದಕ್ಕೆ ಐದು ಕಣೇ," ಎಂದ ಅಪ್ಪ.

"ಮತ್ತೆ? ದಿನಾ ನೆಲ ಒರೆಸೋಳು ನಾನಲ್ವಾ," ಎಂದು ಅಮ್ಮ ಹಿಗ್ಗಿ ಒಳಗೆ ಹೋದಳು. ಅಪ್ಪ ಮಗಳು ಇಬ್ಬರಿಗೂ ನಗು ಬಂತು. ನಗು ಮುಗಿದ ಮೇಲೂ ಅಪ್ಪ ಹತ್ತಿರ ಬರಲಿಲ್ಲ.

ಪ್ರಬಂಧ ಒಪ್ಪಿಗೆಯಾಯಿತು. ನಡುವೆ ಕಡುಬಣ್ಣ, ದೂರ ಹೋದಂತೆ ತಿಳಿಬಣ್ಣ, ಈ ಸಲದ ನಕ್ಷೆ ಇರಬೇಕಾದ ಹಾಗೇ ಇತ್ತು. ಅವಳು ಹಾಸ್ಟೆಲ್ ಬಿಟ್ಟು ಮನೆಗೆ ಬಂದು ಇರತೊಡಗಿದಳು. ಕೆಲವೇ ದಿನ, ಮೂಗು ಮತ್ತೆ ಸುಮ್ಮನಾಯಿತು. ಒಂದು ಬೆಳಿಗ್ಗೆ ಎದ್ದಾಗ ಬೀದಿಯಲ್ಲಿ ಒಗ್ಗರಣೆ, ಒದ್ದೆ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಅವಳಿಗೆ ಅಳುವಷ್ಟು ಖುಷಿಯಾಯಿತು. ಆದರೆ ಅಪ್ಪನನ್ನು ನಂಬಿಸುವುದು ಹೇಗೆ? ಅವನು ಊಟಕ್ಕೆ ಬಾಗಿಲ ಹತ್ತಿರ ಗಾಳಿ ಹೊರಹೋಗುವ ಕಡೆ ಕೂರುವುದನ್ನು ರೂಢಿ ಮಾಡಿಕೊಂಡಿದ್ದ. ಅವಳು ಹತ್ತಿರ ಸರಿದರೆ ಏನೋ ಕೆಲಸ ನೆನಪಾದಂತೆ ಎದ್ದು ಹೋಗುತ್ತಿದ್ದ. ಮಾತು, ತಮಾಷೆ, ಮ್ಯಾನೇಜರು ಎಂದು ಕರೆಯುವುದು ಯಾವುದೂ ನಿಲ್ಲಲಿಲ್ಲ. ತಲೆ ಸವರುವುದೊಂದು ನಿಂತುಹೋಯಿತು.

ಡಿಗ್ರಿ ಕೊಡುವ ದಿನ ಅಮ್ಮನಿಗೆ ಜ್ವರ. ಅಪ್ಪ ಒಬ್ಬನೇ ಬಂದ. ಹೊಸ ಶರ್ಟು, ಒಂದಕ್ಕೆರಡು ಸಲ ಸ್ನಾನ, ಕೈಗೆ ಅಮ್ಮನ ಪೌಡರು. ಸಭಾಂಗಣದ ಮುಂದಿನ ಸಾಲುಗಳಲ್ಲಿ ಜಾಗ ಬೇಕಾದಷ್ಟಿತ್ತು. ಅವನು ಕೊನೆಯ ಸಾಲಿಗೆ ಹೋಗಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಯಾರಿಗೂ ತಾಗದಂತೆ ಕೂತಿದ್ದ. ಅವಳ ಹೆಸರು ಕೂಗಿದಾಗ ಅಷ್ಟು ದೂರದಿಂದ ಅವನೊಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ವೇದಿಕೆಯ ಮೇಲಿನಿಂದ ಅವಳಿಗೆ ಕಂಡಿತು.

ವೇದಿಕೆಯಿಂದ ಇಳಿದವಳು ತನ್ನ ಗುಂಪಿನ ಕಡೆ ಹೋಗಲಿಲ್ಲ. ಕಪ್ಪು ಗೌನು ಎತ್ತಿ ಹಿಡಿದುಕೊಂಡು ಹಿಂದಿನ ಸಾಲಿನವರೆಗೂ ನಡೆದು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು. ಅವನು ಅಂಚಿಗೆ ಸರಿದ. ಅವಳೂ ಸರಿದಳು. ಇನ್ನು ಸರಿದರೆ ಅವನು ಬೀಳಬೇಕಿತ್ತು.

"ಅಪ್ಪಾ, ನಂಗೆ ಏನೂ ವಾಸನೆ ಬರ್ತಿಲ್ಲ. ಸತ್ಯವಾಗ್ಲೂ."

ಅಪ್ಪ ಅವಳ ಮುಖವನ್ನೇ ನೋಡಿದ. ಆವತ್ತು ಬಾಗಿಲಲ್ಲಿ ಓದಿದ ಹಾಗೆಯೇ ಈಗಲೂ ಓದಿದ, ತುಂಬ ಹೊತ್ತು. ಆಮೇಲೆ ಸುತ್ತ ಒಮ್ಮೆ ಕಣ್ಣಾಡಿಸಿ, ಅವಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ: "ಗಟ್ಟಿಯಾಗಿ ಹೇಳ್ಬೇಡ ಮರಿ. ಕೊಟ್ಟ ಡಿಗ್ರಿ ವಾಪಸ್ ಇಸ್ಕೊಂಡ್ಬಿಡ್ತಾರೆ."

ಹೇಳಿ, ಕೈಯೆತ್ತಿ ಅವಳ ತಲೆ ಸವರಿದ. ಇಬ್ಬರೂ ಹಾಗೇ ಕೂತು ಉಳಿದವರೆಲ್ಲ ಡಿಗ್ರಿ ತೆಗೆದುಕೊಳ್ಳುವುದನ್ನು ಕೊನೆಯವರೆಗೂ ನೋಡಿದರು.

ಮರುದಿನವೇ ಅವಳು ಕೆಲಸ ಸಿಕ್ಕಿದ್ದ ದೂರದ ಊರಿಗೆ ಹೊರಟಳು. ಆಮೇಲೆ ಮನೆಗೆ ಬಂದಾಗಲೆಲ್ಲ ಒಂದೆರಡು ದಿನದ ರಜೆ ಮಾತ್ರ, ವಾಸನೆಯನ್ನು ಮರೆಯುವಷ್ಟು ಪುರುಸೊತ್ತು ಮೂಗಿಗೆ ಸಿಗುತ್ತಿರಲಿಲ್ಲ. ವಾಸನೆ ಸೇತುವೆಯ ಹತ್ತಿರವೇ ಎದುರಾಗುತ್ತಿತ್ತು, ಬಾಗಿಲಲ್ಲಿ ಅಪ್ಪ ಕೈಚಾಚುತ್ತಿದ್ದ, ಅವಳು ಮುಖವನ್ನು ಬಿಗಿಹಿಡಿದುಕೊಂಡು ಮುಂದೆ ಹೋಗುತ್ತಿದ್ದಳು. ಅಪ್ಪ ಇರುವವರೆಗೂ ಹಾಗೆಯೇ ನಡೆಯಿತು. ಏನನ್ನೂ ಬಿಗಿಹಿಡಿಯದೆ, ಯಾವ ವಾಸನೆಯೂ ಇಲ್ಲದೆ ಅವಳು ಅಪ್ಪನ ಪಕ್ಕದಲ್ಲಿ ಕೂತ ಕೊನೆಯ ದಿನ, ಡಿಗ್ರಿ ಸಿಕ್ಕಿದ ಆ ದಿನವೇ.